ಹೀಟ್ ಆಗದ ಗಾಡಿ

ಇವತ್ತು ಬೆಳಿಗ್ಗೆ ನನ್ನ ಗಾಡಿಯ ಬಾನೆಟ್ ಎತ್ತಿ ಕೂಲಂಟ್ ಡಬ್ಬಿಯ ಮುಚ್ಚಳ ತಿರುವಿದೆ. ಬೆಲ್ಲದ ಪಾಕ ಸ್ವಲ್ಪ ಸೀದಂಥ ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ಖಾನಾಪುರಕ್ಕೆ ಹೊರಡುವ ಹೊತ್ತಾಗಿತ್ತು, ಆದರೂ ಮುಚ್ಚಳ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಇತ್ತೀಚೆಗೆ ಚಳಿ ಬಿತ್ತೆಂದರೆ ಮನೆ ಬಿಡುವ ಮೊದಲೇ ದಣಿವಾಗುತ್ತದೆ. ಮೇಲೆ ಈ ವಾಸನೆ ಬೇರೆ ಬಂದರೆ ಅಕ್ಕೋರು ನೆನಪಾಗುತ್ತಾರೆ...

ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುವುದು ರೂಢಿ. ಮಹಾಂತೇಶ ನಗರದಲ್ಲಿ ನಮ್ಮ ಹಿಂದಿನ ಸಾಲಿನಲ್ಲೇ ಅವರ ಮನೆ. ಖಾನಾಪುರದ ಒಂದು ಮರಾಠಿ ಮಾಧ್ಯಮದ ಶಾಲೆಯಲ್ಲಿ ಇಬ್ಬರೂ ಕನ್ನಡ ಕಲಿಸುತ್ತಿದ್ದೆವು. ಸಣ್ಣ ತರಗತಿಗಳು ಅವರವು, ದೊಡ್ಡವು ನನ್ನವು. ಮರಾಠಿ ಮನೆಯ ಮಕ್ಕಳು ಕನ್ನಡ ಬರೆಯಲು ಕಲಿಯುವಾಗ ಒಂದು ತಪ್ಪು ಮಾಡುತ್ತಾರೆ. ತಲೆಕಟ್ಟಿಗೆ ಕೊಂಕು ಕೊಡದೆ, ಮರಾಠಿಯಲ್ಲಿ ಎಳೆದ ಹಾಗೆ ಅಕ್ಷರದ ಮೇಲೆ ನೆಟ್ಟಗೊಂದು ಗೆರೆ ಎಳೆದುಬಿಡುತ್ತಾರೆ. ಅಕ್ಕೋರ ಅರ್ಧ ಆಯುಷ್ಯ ಆ ಗೆರೆ ಬಗ್ಗಿಸುವುದರಲ್ಲೇ ಹೋಗಿತ್ತು.

"ಏನಲೇ, ಅಕ್ಷರದ ಮ್ಯಾಲ ಅರಿಬಿ ಒಣಹಾಕಾಕ ಹಗ್ಗ ಕಟ್ಟೀಯೇನ?" ಎಂದು ಕೇಳುತ್ತಿದ್ದರು. ಮಕ್ಕಳು ನಗುತ್ತ ಅಳಿಸಿ ಮತ್ತೆ ಬರೆಯುತ್ತಿದ್ದರು.

ಅವರಿಗೆ ಸಂಧಿವಾತ. ಚಳಿಗಾಲದ ಬೆಳಿಗ್ಗೆ ಬೆರಳು ಮಡಚಿಕೊಂಡೇ ಇರುತ್ತಿದ್ದವು. ಅವರ ಯಜಮಾನರು ತಮ್ಮ ಹಳೆಯ ಕಾರಿನಲ್ಲಿ ಹೀಟರ್ ಹಚ್ಚಿ ಶಾಲೆಗೆ ಬಿಡುತ್ತಿದ್ದರು. ಬಿಸಿ ಗಾಳಿಗೆ ಕೈಯೊಡ್ಡಿ ಕೂತರೆ ಖಾನಾಪುರ ಬರುವಷ್ಟರಲ್ಲಿ ಬೆರಳು ಬಿಚ್ಚುತ್ತಿದ್ದವು. ಒಂದು ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು. ಸ್ಟಿಯರಿಂಗ್ ಹಿಡಿಯುವುದು ಅಕ್ಕೋರ ಕೈಲಾಗದ ಮಾತು. "ಸರ, ಗಾಡಿ ನೀವ ಹೊಡೀರಿ, ನಾ ಬಾಜೂಕ ಕುಂದರ್ತೀನಿ," ಎಂದು ಕೀಲಿಕೈ ನನಗೆ ಕೊಟ್ಟರು. ಅದು ಅವರ ನೌಕರಿಯ ಕೊನೆಯ ವರ್ಷ. ಕಡೇ ದಿನದ ತನಕ ಹಲಗೆಯ ಮೇಲೆ ತಮ್ಮ ಕೈಯಿಂದಲೇ ಬರೆಯಬೇಕು ಅನ್ನುವುದೊಂದೇ ಅವರ ಆಸೆಯಾಗಿತ್ತು.

ಚಳಿ ಬಂತು. ಹೀಟರ್ ಹಚ್ಚಿದರೆ ತಣ್ಣನೆಯ ಗಾಳಿ. ಅವತ್ತು ಅಕ್ಕೋರು ಸುಣ್ಣದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಬರೆದರು. ಕೊಂಕು ಮೂಡಬೇಕಾದರೆ ಮಣಿಕಟ್ಟು ತಿರುಗಬೇಕು, ಬೆರಳು ಮಣಿಯಬೇಕು. ಎರಡೂ ಆಗಲಿಲ್ಲ. ತಲೆಕಟ್ಟೆಲ್ಲ ನೆಟ್ಟಗಿನ ಗೆರೆಯಾದವು. ಅಕ್ಕೋರೂ ನಮ್ಮ ಹಾಗೇ ಬರೆಯುತ್ತಾರೆ ಎಂದು ಮಕ್ಕಳು ಮರಾಠಿಯಲ್ಲಿ ಪಿಸುಗುಟ್ಟಿ ಖುಷಿಪಟ್ಟರಂತೆ. ಸಂಜೆ ಗಾಡಿಯಲ್ಲಿ ಅವರೇ ಇದನ್ನು ನನಗೆ ಹೇಳಿದರು.

ಕೋಟೆಯ ಹತ್ತಿರ ಗಾಡಿ ರಿಪೇರಿ ಮಾಡುವ ಮಿಸ್ತ್ರಿಯ ಬಳಿ ಹೋಗಿ, "ಗಾಡಿ ಹೀಟ್ ಆಗವಲ್ದು" ಎಂದೆ.

"ಚಲೋನ ಆತಲ್ರಿ ಸರ್. ಮಂದಿ ಹೀಟ್ ಆಗತೈತಿ ಅಂತ ಅಳ್ಕೋತ ಬರ್ತಾರ, ನೀವು ಆಗವಲ್ದು ಅಂತ ಬಂದೀರಿ," ಎಂದು ಅವರು ನಕ್ಕರು.

ಬೇಕಾಗಿರುವುದು ಒಳಗಿನ ಬಿಸಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಮಿಸ್ತ್ರಿ ಪೈಪು ತೊಳೆದರು, ಗಾಳಿ ಬೀಸುವ ಫ್ಯಾನು ಬದಲಿಸಿದರು. ಉಪಯೋಗವಾಗಲಿಲ್ಲ. ದಿನಾ ಅದೇ ದಾರಿ, ಅದೇ ತಣ್ಣನೆಯ ಗಾಳಿ... ಕಡೆಗೆ ಗುಟ್ಟು ಹತ್ತಿದ್ದು ಅಕ್ಕೋರ ಕೈಗೇ. ಊರು ದಾಟುವ ಮೊದಲು ರೈಲ್ವೆ ಗೇಟು ಬಿದ್ದು ನಿಂತಾಗ ಗಾಳಿ ತುಸು ಬೆಚ್ಚಗಾಗುತ್ತಿತ್ತು, ದೇಸೂರಿನತ್ತ ಓಡತೊಡಗಿದರೆ ಮತ್ತೆ ತಣ್ಣಗೆ. ನೋಡಿದರೆ ಎಂಜಿನ್ ಬಿಸಿ ತೋರಿಸುವ ಮುಳ್ಳೂ ಹಾಗೇ ಏರಿ ಇಳಿಯುತ್ತಿತ್ತು.

ಅದನ್ನು ಕೇಳಿದ್ದೇ ಮಿಸ್ತ್ರಿ ಎಂಜಿನ್ನಿನ ಒಂದು ಕಡೆ ಬಿಚ್ಚಿ ನೋಡಿದರು. "ಇದರಾಗ ವಾಲ್ವ ಇಲ್ಲರಿ. ಯಾರೋ ಕಿತ್ತಾರ," ಎಂದರು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಅದನ್ನು ತೆಗೆದರೆ ಬೇಸಿಗೆಯಲ್ಲಿ ಗಾಡಿ ಕುದಿಯುವುದಿಲ್ಲ ಎಂದು ನಮ್ಮಲ್ಲಿ ಎಷ್ಟೋ ಜನ ಕೀಳಿಸುತ್ತಾರೆ. ಆದರೆ ಚಳಿಯಲ್ಲಿ ಓಡುವಾಗ ಎಂಜಿನ್ನೇ ಕಾಯುವುದಿಲ್ಲ, ಇನ್ನು ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು?

ಯಾರು ಕೀಳಿಸಿದ್ದು ಎಂದು ಅಕ್ಕೋರಿಗೆ ಆಗ ಹೊಳೆಯಿತು. ಹಿಂದಿನ ಬೇಸಿಗೆಯಲ್ಲಿ ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನಲ್ಲಿ ಗಾಡಿ ಕುದಿದು ನಿಂತು, ಅಕ್ಕೋರು ಬಿಸಿಲಲ್ಲಿ ಬಹಳ ಹೊತ್ತು ಕೂರಬೇಕಾಗಿತ್ತಂತೆ. ಊರಿಗೆ ಬಂದವರೇ ಯಜಮಾನರು ಅದನ್ನು ತೆಗೆಸಿ, ನಮ್ಮ ಗಾಡಿ ಹೀಟ್ ಆಗುವುದೇ ಇಲ್ಲ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದರು.

"ನನ್ನ ಸಲುವಾಗೇ ಕೀಳಿಸಿದ್ರು ಸರ. ಹ್ವಾದ ಮ್ಯಾಲೂ ನನ್ನ ಕಾಳಜಿ ಬಿಡವಲ್ರು ನೋಡ್ರಿ," ಎಂದು ಅಕ್ಕೋರು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊಸ ವಾಲ್ವ್ ಹಾಕಿಸಿದೆವು, ಹಸಿರು ಕೂಲಂಟ್ ತುಂಬಿಸಿದೆವು. ಗಾಡಿಯ ತುಂಬ ಆ ಸಿಹಿ ವಾಸನೆ. ಮರುದಿನ ದೇಸೂರು ಬರುವ ಮೊದಲೇ ಬಿಸಿ ಗಾಳಿ ಹೇಗೆ ಬಂತೆಂದರೆ ನಾನು ಸ್ವೆಟರ್ ತೆಗೆದೆ. ಅಕ್ಕೋರು ಎರಡೂ ಕೈ ಒಡ್ಡಿಕೊಂಡು ಕೂತಿದ್ದರು. ಶಾಲೆ ಬಂತು. ಬೆರಳು ಬಿಚ್ಚಲಿಲ್ಲ. ನಾನು ಎಂಜಿನ್ ಆರಿಸದೆ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತೆ. ಆಗಲೂ ಬಿಚ್ಚಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ರಿಪೇರಿ. ಗಾಡಿ ಕೆಟ್ಟಿದ್ದಾಗ ಬೈಯಲಿಕ್ಕೆ ಗಾಡಿಯಾದರೂ ಇತ್ತು. ಈಗ ಅದೂ ಇರಲಿಲ್ಲ.

"ಹೀಟರ್ ಚಲೋ ಆಗೇತಿ ಸರ," ಎಂದಷ್ಟೇ ಹೇಳಿ ಅವರು ಇಳಿದು ಹೋದರು.

ಹಲಗೆಯ ಮೇಲೆ ನಾನು ಬಂದು ಬರೆದುಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಕಡೇ ದಿನದ ತನಕ ಮುಷ್ಟಿಯಲ್ಲೇ ಬರೆದರು. "ನಾ ಬರದಂಗ ಬರೀಬ್ಯಾಡ್ರಿ, ಪುಸ್ತಕ ನೋಡಿ ಬರೀರಿ," ಎಂದು ಮಕ್ಕಳಿಗೆ ದಿನಾ ಹೇಳುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು. ಮಕ್ಕಳು ಎಂದಾದರೂ ಪುಸ್ತಕ ನೋಡಿಯಾರೇ? ಅವರು ಅಕ್ಕೋರನ್ನೇ ನೋಡಿ ಬರೆದರು.

ಗಾಡಿ ಮಾರಿಹೋಯಿತು. ನಿವೃತ್ತಿಯಾದ ಮೇಲೆ ಅಕ್ಕೋರು ಬಹಳ ದಿನ ಇರಲಿಲ್ಲ. ಈಗ ನಾನೊಬ್ಬನೇ ಹೋಗಿ ಬರುತ್ತೇನೆ. ಹೇಳಬೇಕಾದದ್ದು ಏನಾದರೂ ನೆನಪಾಗಿ ಬಾಜೂಕ್ಕೆ ತಿರುಗುತ್ತೇನೆ, ಅಲ್ಲಿ ಊಟದ ಚೀಲ ಇರುತ್ತದೆ...

ಕೂಲಂಟ್ ಡಬ್ಬಿಯ ಮುಚ್ಚಳ ಹಾಕಿ ಹೊರಟೆ. ಶಾಲೆಗೆ ತಡವಾಗಿತ್ತು. ಅಕ್ಕೋರ ಕೊನೆಯ ವರ್ಷದ ಮಕ್ಕಳು ಬೆಳೆದು ಈಗ ನನ್ನ ತರಗತಿಯಲ್ಲಿದ್ದಾರೆ. ಒಳ್ಳೆಯ ಕನ್ನಡ ಬರೆಯುತ್ತಾರೆ, ತಲೆಕಟ್ಟಿನ ಜಾಗದಲ್ಲಿ ಮಾತ್ರ ನೆಟ್ಟಗಿನ ಗೆರೆ. ಕೆಂಪು ಪೆನ್ನು ಹಿಡಿದು ಕೂತರೆ ಕಾಗುಣಿತ ತಿದ್ದುತ್ತೇನೆ, ಒತ್ತಕ್ಷರ ತಿದ್ದುತ್ತೇನೆ. ಆ ಹಗ್ಗಕ್ಕೆ ಮಾತ್ರ ಕೈ ಹಚ್ಚುವುದಿಲ್ಲ.