ಐತಪ್ಪ ಆಚಾರ್ರ ಅಳತೆ

ಐತಪ್ಪ ಆಚಾರ್ರು ಕಪಾಟು ಮಾಡಲು ಬಂದರೆ ಮೊದಲು ಅಳೆಯುತ್ತಿದ್ದುದು ಗೋಡೆಯನ್ನಲ್ಲ, ಮನೆಯ ಹೆಂಗಸರನ್ನು. ಅದೂ ಮಾರು ದೂರ ನಿಂತು, ಬಹಳ ಮರ್ಯಾದೆಯಿಂದ. ಅಡಕೆ ಮರ ಸೀಳಿ ಮಾಡಿದ ತೆಳ್ಳಗಿನ ಸಲಾಕೆಯೊಂದನ್ನು ಮನೆಯಾಕೆಯ ಕೈಗೆ ಕೊಟ್ಟು, “ಇದನ್ನು ನೆಲಕ್ಕೆ ಊರಿ ಹಿಡ್ಕೊಳ್ಳಿ ಅಕ್ಕೆರೇ. ಈಗ ಉಪ್ಪಿನ ಭರಣಿ ತೆಗೀಲಿಕ್ಕೆ ಕೈ ಹಾಕುವ ಹಾಗೆ ಮೇಲೆ ಹಾಕಿ. ಕಷ್ಟಪಟ್ಟು ಬೇಡ, ಸುಮ್ಮನೆ ಹೋಗುವಷ್ಟು ಹೋಗ್ಲಿ” ಎನ್ನುತ್ತಿದ್ದರು. ಅವಳ ಹೆಬ್ಬೆರಳು ನಿಂತಲ್ಲಿ ಚೂರಿಯಿಂದ ಒಂದು ಗೀರು. ಆಮೇಲೆ ಸೊಂಟದ ಹತ್ತಿರ ಒಂದು, ಬಗ್ಗಿದಾಗ ಕೈ ಹೋಗುವಲ್ಲಿ ಒಂದು. ಗೋಡೆಯ ಸರದಿ ಬರುವುದು ಎಲ್ಲ ಮುಗಿದ ಮೇಲೆ, ಬಾಡಿಗೆ ಮನೆ ನೋಡಲು ಬಂದವರ ಹಾಗೆ ಒಂದು ಸುತ್ತು ಕಣ್ಣು ಹಾಯಿಸಿ.

ಮೂಡುಬಿದಿರೆ ಪೇಟೆಯಲ್ಲಿ ಅವರಿಗೆ ‘ದರ್ಜಿ ಆಚಾರಿ’ ಎಂದು ಅಡ್ಡಹೆಸರು ಬಿದ್ದಿತ್ತು. ಅವರಿಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ. “ಗೋಡೆ ಅಳೆದು ಮಾಡಿದ ಕಪಾಟು ಗೋಡೆಗೆ ಸರಿ ಆಗ್ತದೆ. ಗೋಡೆ ಏನು ಉಪ್ಪು ತೆಗೀಲಿಕ್ಕೆ ಉಂಟಾ ಮಾರಾಯ?” ಎಂದು ಕೇಳಿದವರ ಬಾಯಿ ಮುಚ್ಚಿಸುತ್ತಿದ್ದರು. ಇದನ್ನೆಲ್ಲ ಅವರು ಹೇಳುತ್ತಿದ್ದುದು ತುಳುವಿನಲ್ಲಿ. ನಾನು ಕನ್ನಡಕ್ಕೆ ತರುವಾಗ ಅದರ ಖಾರ ಸ್ವಲ್ಪ ಇಳಿದಿದೆ.

ಆಸಾಮಿ ಸಣಕಲು. ಮೊಣಕಾಲಿನವರೆಗೆ ಮುಂಡು, ಹೆಗಲ ಮೇಲೆ ಮೈ ಒರೆಸುವ ಬೈರಾಸು, ಬಾಯಿ ತುಂಬ ವೀಳ್ಯ. ಕೆಲಸ ಹಿಡಿದ ಮೊದಲ ದಿನ ಉಳಿ ಕೀಸುಳಿಗಳನ್ನು ಚೀಲದಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಅಡಿಗೆಮನೆಯ ಬಾಗಿಲ ಹತ್ತಿರ ಕುಳಿತು, ಗಂಜಿ ಉಣ್ಣುತ್ತ, ಒಳಗೆ ಓಡಾಡುವವರನ್ನು ನೋಡುವುದೇ ಆ ದಿನದ ಕೆಲಸ. ಯಾರು ಎಡಗೈಯಲ್ಲಿ ಮುಚ್ಚಳ ತೆಗೆಯುತ್ತಾರೆ, ಯಾರು ಸಾಸಿವೆ ಎಲ್ಲಿಟ್ಟಿದ್ದೇನೆಂದು ದಿನಾ ಹುಡುಕುತ್ತಾರೆ, ಯಾರಿಗೆ ಸೊಂಟನೋವು, ಎಲ್ಲ ಅವರಿಗೆ ಗಂಜಿ ಮುಗಿಯುವುದರೊಳಗೆ ತಿಳಿದಿರುತ್ತಿತ್ತು. ಕೂತು ಉಂಡದ್ದಕ್ಕೂ ಕೂಲಿಯೇ ಎಂದು ಗಂಡಸರು ಗೊಣಗುತ್ತಿದ್ದರು. ಹೆಂಗಸರು ಯಾರೂ ಗೊಣಗಿದ್ದು ನನಗೆ ನೆನಪಿಲ್ಲ.

ಬಂಟ್ವಾಳದ ವಕೀಲರೊಬ್ಬರ ಕಥೆಯನ್ನು ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದೆವು. ವಕೀಲರಿಗೆ ಚಾವಡಿಯಲ್ಲಿ ಗಾಜಿನ ಬಾಗಿಲಿನ ಶೋಕೇಸು ಬೇಕಾಗಿತ್ತು. “ಒಳಗೆ ಏನು ಇಡ್ತೀರಿ?” ಎಂದು ಆಚಾರ್ರು ಕೇಳಿದರಂತೆ. “ಸದ್ಯಕ್ಕೆ ಏನೂ ಇಲ್ಲ, ಮುಂದೆ ನೋಡುವ” ಎಂದರಂತೆ ವಕೀಲರು. ಇಡಲು ಏನೂ ಇಲ್ಲದವನ ಅಳತೆ ತೆಗೆದು ಪ್ರಯೋಜನವಿಲ್ಲವೆಂದುಕೊಂಡ ಆಚಾರ್ರು, ಒಳಗಿದ್ದ ವಕೀಲರ ಮುದಿ ತಾಯಿಯ ಕೈಗೆ ಸಲಾಕೆ ಕೊಟ್ಟು ಬಂದರು. ಬೀಟೆ ಮರದ ಶೋಕೇಸು ಫಳಫಳ ಹೊಳೆಯುತ್ತ ಬಂದು ಕೂತ ವಾರದೊಳಗೆ ಅದರ ತುಂಬ ಉಪ್ಪಿನಕಾಯಿಯ ಜಾಡಿಗಳು, ಹಪ್ಪಳದ ಡಬ್ಬಿಗಳು. ಮುದುಕಿಗೆ ಕೈಗೆ ಸರಿಯಾಗಿ ಸಿಗುತ್ತಿದ್ದ ಜಾಗ ಮನೆಯಲ್ಲಿ ಅದೊಂದೇ ಆಗಿತ್ತು. ಕಕ್ಷಿದಾರರು ಕಾಯುತ್ತ ಕುಳಿತು ಮಾವಿನಮಿಡಿ ನೋಡುತ್ತಿದ್ದರು. ವಕೀಲರು ಸಿಟ್ಟು ಮಾಡಿಕೊಂಡರೆ ಆಚಾರ್ರು, “ಖಾಲಿ ಇಡುವ ಸಾಮಾನು ಮಾಡ್ಲಿಕ್ಕೆ ನನಗೆ ಬರುವುದಿಲ್ಲ ವಕೀಲರೇ” ಎಂದು ಕೈಮುಗಿದರಂತೆ.

ಇಂಥ ಆಚಾರ್ರು ಅಳತೆ ತಪ್ಪಿದ್ದು ಒಂದೇ ಸಲ. ಅದು ನಮ್ಮ ಮನೆಯಲ್ಲಿ, ನನ್ನ ಅಮ್ಮನ ವಿಷಯದಲ್ಲಿ.

ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ಆದರೆ ಯಜಮಾನಿಕೆ ಅಮ್ಮನ ಅಣ್ಣನದು, ಅಂದರೆ ನನ್ನ ಸೋದರಮಾವನದು. ಮಾವನಿಗೆ ಬಂಟ್ವಾಳದಲ್ಲಿ ಹೋಟೆಲಿತ್ತು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವರ ಹೆಂಡತಿ, ನಮ್ಮ ಮಾಮಿ, ಬೆಳ್ತಂಗಡಿಯ ಕಡೆಯವರು. ಅವರಿಗೆ ಅಲ್ಲಿ ಅವರದೇ ತಾಯಿಮನೆ, ಗದ್ದೆ, ಜವಾಬ್ದಾರಿ. ನಮ್ಮಲ್ಲಿಗೆ ಬಂದು ತಿಂಗಳು ಎರಡು ತಿಂಗಳು ನಿಂತು ಹೋಗುತ್ತಿದ್ದರು. ಮಾವ ಒಳ್ಳೆಯವರು. ನನ್ನನ್ನು ಓದಿಸಿ ಟೀಚರ್ ಮಾಡಿದವರು ಅವರೇ. ಆದರೆ ಅಮ್ಮನನ್ನು ಕೇಳಿ ಏನನ್ನಾದರೂ ಮಾಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲ. ಕೇಳದಿದ್ದರೆ ಬೇಸರಿಸಬೇಕೆಂದು ಅಮ್ಮನಿಗೂ ಆಗ ತೋಚುತ್ತಿರಲಿಲ್ಲವೇನೋ.

ಮಾವ ಒಮ್ಮೆ ಬೊಂಬಾಯಿಗೆ ಹೋದವರು ಅಲ್ಲಿ ಹೆಂಗಸರು ನಿಂತು ಅಡಿಗೆ ಮಾಡುವುದನ್ನು ನೋಡಿಕೊಂಡು ಬಂದರು. ನಮ್ಮ ಅಡಿಗೆಮನೆಯೂ ಹಾಗೆಯೇ ಆಗಬೇಕೆಂದು ನಿಶ್ಚಯಿಸಿದರು. ಗೋಡೆ ಉದ್ದಕ್ಕೂ ಕಟ್ಟೆ, ಅದರ ಮೇಲೆ ದೊಡ್ಡ ಗೋಡೆಕಪಾಟು. ಮಾವನದು ಯಾವಾಗಲೂ ಅವಸರ. ಆಚಾರ್ರನ್ನು ಕರೆತಂದ ದಿನ ಅಮ್ಮ ಮುಟ್ಟಾಗಿ ಹೊರಗೆ ಕೂತಿದ್ದಳು. ಒಳಗೆ ಬಡಿಸುತ್ತಿದ್ದವರು ಮಾಮಿ. ನಾನು ಪಾಠ ಹೇಳಲು ಶಾಲೆಗೆ ಹೋಗಿದ್ದೆ. ಆಚಾರ್ರು ಎಂದಿನಂತೆ ಬಾಗಿಲಲ್ಲಿ ಕೂತು ಗಂಜಿ ಉಂಡು, ಮಾಮಿಯ ಓಡಾಟವನ್ನೆಲ್ಲ ನೋಡಿಕೊಂಡು, ಸಲಾಕೆಯನ್ನು ಮಾಮಿಯ ಕೈಗೇ ಕೊಟ್ಟರು. “ಹೊರಗೆ ಕೂತ ಅಕ್ಕೆರೆಯದ್ದೂ ಒಂದು ತೆಗೀಬೇಕಾ ಶೆಟ್ರೇ?” ಎಂದು ಅವರು ಕೇಳಿದ್ದು ನಿಜ. “ಅವಳು ಬರುವಾಗ ಇನ್ನು ಮೂರು ದಿನ. ಇವಳದ್ದೇ ಸಾಕು, ಹೆಂಗಸರು ಎಲ್ಲ ಒಂದೇ ಅಲ್ವಾ” ಎಂದರಂತೆ ಮಾವ. ಕಾಲ ಬದಲಾಗುತ್ತಿತ್ತು, ಗಂಡಸರು ಹೆಂಡತಿಯನ್ನು ಕರೆತಂದು ಇರಿಸಿಕೊಳ್ಳುವ ಹೊಸ ಏರ್ಪಾಡು ಅಲ್ಲಲ್ಲಿ ಶುರುವಾಗಿತ್ತು. ಇಲ್ಲಿಯೂ ಹಾಗೆಯೇ ಇರಬೇಕೆಂದು ಆಚಾರ್ರು ತಿಳಿದರು.

ನಮ್ಮ ಮಾಮಿ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅಮ್ಮ ಅವರ ಭುಜಕ್ಕೂ ಬಾರದವಳು.

ಕಪಾಟು ಬಂದು ಗೋಡೆಗೆ ಕೂತ ದಿನ ನಾನು ಮನೆಯಲ್ಲಿದ್ದೆ. ಹಲಸಿನ ಮರದ ಹಳದಿ ಬಣ್ಣ, ಕೈಯಾಡಿಸಿದರೆ ಜಾರುವ ನುಣುಪು, ಸದ್ದಿಲ್ಲದೆ ಮುಚ್ಚುವ ಬಾಗಿಲುಗಳು. ಎಲ್ಲರೂ ಹೊಗಳುವವರೇ. ಅಮ್ಮ ಉಪ್ಪಿನ ಭರಣಿ ಹಿಡಿದು ಬಂದಳು. ಕೈ ಎತ್ತಿದಳು. ಕೆಳಗಿನ ಹಲಗೆಗೂ ಎಟುಕಲಿಲ್ಲ. ಅವಳು ಮಾತಾಡದೆ ಒಳಗೆ ಹೋಗಿ, ಊಟಕ್ಕೆ ಕೂರುವ ಮಣೆ ತಂದು, ಅದರ ಮೇಲೆ ನಿಂತು ಭರಣಿ ಇಟ್ಟಳು. ಬಾಗಿಲ ಸಂದು ನೋಡುತ್ತಿದ್ದ ಆಚಾರ್ರು ತಿರುಗಿದರು. ಅವರ ಮುಖ ಬಾಡಿದ್ದನ್ನು ನಾನು ನೋಡಿದೆ.

“ಪರವಾಗಿಲ್ಲ ಆಚಾರ್ರೇ, ನನಗೆ ಮಣೆ ಉಂಟು” ಎಂದಳು ಅಮ್ಮ.

ಅವಳು ಅಳಲಿಲ್ಲ, ದೂರಲಿಲ್ಲ. ಆದರೆ ಅವಳು ಹುಟ್ಟಿದ ಮನೆಯ, ಅವಳದೇ ಮನೆಯ ಅಡಿಗೆಮನೆಯಲ್ಲಿ ಅವಳು ಮಣೆ ಹತ್ತಿ ನಿಲ್ಲಬೇಕಾದ್ದು ನನಗೆ ಈಗ ನೆನೆದರೂ ಸಂಕಟವಾಗುತ್ತದೆ. ಮಾಮಿಗೂ ಕಸಿವಿಸಿಯಾಯಿತು. “ನಾನು ನಾಡಿದ್ದು ಊರಿಗೆ ಹೋಗುವವಳು, ನನ್ನ ಅಳತೆಗೆ ಯಾಕೆ ಮಾಡಿಸಿದ್ದು ನೀವು?” ಎಂದು ಮಾವನನ್ನೇ ಕೇಳಿದರು. ಆಚಾರ್ರು, “ಕೆಳಗೆ ಇಳಿಸಿ ಸರಿ ಮಾಡಿ ಕೊಡ್ತೇನೆ ಶೆಟ್ರೇ, ಕೂಲಿ ಬೇಡ” ಎಂದರು. “ಇಷ್ಟು ಚೆಂದದ್ದನ್ನು ಕೀಳುವುದು ಯಾಕೆ? ಮಣೆ ಉಂಟಂತಲ್ಲ” ಎಂದರು ಮಾವ. ಮಾತು ಅಲ್ಲಿಗೆ ನಿಂತಿತು.

ಮಾಮಿ ಬೆಳ್ತಂಗಡಿಗೆ, ಮಾವ ಬಂಟ್ವಾಳಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ಆಚಾರ್ರು ಯಾರೂ ಕರೆಯದೆ ಬಂದರು. ಚೀಲ ಕೆಳಗಿಟ್ಟು ಸಲಾಕೆ ಚಾಚಿ, “ಹಿಡ್ಕೊಳ್ಳಿ ಅಕ್ಕೆರೇ” ಎಂದರು.

“ಅಣ್ಣ ಬೇಡ ಹೇಳಿದ್ದಾನಲ್ಲ ಆಚಾರ್ರೇ.”

“ಹೇಳಿದ್ದಾರೆ. ನನಗೆ ಉಂಡದ್ದು ಸೇರುವುದಿಲ್ಲ, ಏನು ಮಾಡುವುದು?”

ಅಮ್ಮ ಸಲಾಕೆ ತೆಗೆದುಕೊಂಡು ಕೈ ಎತ್ತಿದಳು.

ಬರೀ ಕೆಳಗಿಳಿಸಿದರೆ ಮುಗಿಯುವ ಕೆಲಸವಾಗಿರಲಿಲ್ಲ. ಇಳಿಸಿದರೆ ಕಟ್ಟೆಗೆ ತಾಗುತ್ತಿತ್ತು. ಹಾಗಾಗಿ ಇಡೀ ಕಪಾಟನ್ನು ಬಿಚ್ಚಿ, ಎತ್ತರ ತಗ್ಗಿಸಿ, ಅಗಲ ಕೂಡಿಸಿ, ಹೊಸತೇ ಮಾಡಿದಷ್ಟು ಕೆಲಸವಾಯಿತು. ಭಾನುವಾರ ಮಾವ ಬಂದಾಗ ಅಡಿಗೆಮನೆಯ ತುಂಬ ಹಲಗೆ, ಕೀಸಿದ ಸಿಪ್ಪೆ. ಜತೆಯಲ್ಲಿ ಹೋಟೆಲಿನ ಇಬ್ಬರು ಗೆಳೆಯರು ಬೇರೆ ಇದ್ದರು, ಕಪಾಟು ನೋಡಲೆಂದೇ ಬಂದವರು.

“ಯಾರನ್ನು ಕೇಳಿ ಬಿಚ್ಚಿದ್ದು?”

“ಅಕ್ಕೆರೆಯನ್ನು ಕೇಳಿ, ಶೆಟ್ರೇ.”

“ಈ ಮನೆಗೆ ಯಜಮಾನ ಯಾರು?”

“ಯಜಮಾನರು ನೀವೇ” ಎಂದರು ಆಚಾರ್ರು. ಕೀಸುಳಿ ಕೈಯಲ್ಲೇ ಇತ್ತು. “ಮನೆ ಮಾತ್ರ ಅವರದ್ದಲ್ವಾ?”

ಗೆಳೆಯರಲ್ಲಿ ಒಬ್ಬರು ಕೆಮ್ಮಿದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ನಾಲ್ಕು ಜನರೆದುರು ಯಾರೂ ಹೇಳಿರಲಿಲ್ಲ ಅಷ್ಟೆ. ಮಾವ ಕೆಂಪಾಗಿ ಚಾವಡಿಗೆ ಹೋದರು. ಹೋಟೆಲಿಗೆ ಹೊಸ ಮೇಜು ಬೆಂಚುಗಳ ಕೆಲಸ ಆಚಾರ್ರಿಗೆಂದು ಆಗಲೇ ಮಾತಾಗಿತ್ತು. ಅದು ಮರುವಾರ ಬೇರೆಯವರ ಪಾಲಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಹೊಸ ಮನೆ ಮುಗಿದಾಗ ಅದನ್ನು ಆಚಾರಿಯ ಕೈಯಿಂದ ಬಿಡಿಸಿಕೊಳ್ಳುವುದು ನಮ್ಮ ಕಡೆಯ ಕ್ರಮ. ಯಜಮಾನ ಹರಿವಾಣದಲ್ಲಿ ವೀಳ್ಯ, ತೆಂಗಿನಕಾಯಿ, ಹೊಸ ಮುಂಡು ಇಟ್ಟು ಕೊಡಬೇಕು. ಆಚಾರಿ ಅದನ್ನು ಹಿಡಿದು, ಇನ್ನು ಇದು ನಿಮ್ಮದು ಎನ್ನಬೇಕು. ಅಲ್ಲಿಯವರೆಗೆ ಮನೆ ಅವನದೇ. ಐತಪ್ಪ ಆಚಾರ್ರು ಈ ಕ್ರಮವನ್ನು ಕಪಾಟಿಗೂ ಎಳೆದು ತಂದಿದ್ದರು. ಅವರಿಂದ ಕೆಲಸ ಮಾಡಿಸಿದವರೆಲ್ಲ ಅದನ್ನು ನಡೆಸಿಕೊಂಡು ಬಂದಿದ್ದರು. ಅಳತೆ ತಪ್ಪಿದ್ದರಿಂದ ಮೊದಲ ಸಲ ಅವರು ನಮ್ಮಲ್ಲಿ ವೀಳ್ಯ ಹಿಡಿದಿರಲಿಲ್ಲ. ಆ ಭಾನುವಾರ ಸಂಜೆ ಅವರು ಕಪಾಟು ಕೂರಿಸಿ, ನೆಲ ಗುಡಿಸಿ, ಕೈಕಾಲು ತೊಳೆದು ಅಂಗಳದಲ್ಲಿ ನಿಂತರು. ಮಾವ ಚಾವಡಿಯಲ್ಲಿ ಪೇಪರು ಓದುತ್ತ ಕೂತರು. ಆಚಾರ್ರು ಬೇಡವೆಂದಿದ್ದ ಕೂಲಿಯನ್ನು ಆಳಿನ ಕೈಯಲ್ಲಿ ಕಳಿಸಿದರು, ವೀಳ್ಯ ಕಳಿಸಲಿಲ್ಲ. ಬಹಳ ಹೊತ್ತು ನಿಂತ ಮೇಲೆ ಆಚಾರ್ರು ಚೀಲ ಹೆಗಲಿಗೆ ಹಾಕಿದರು. “ಹಾಗಾದ್ರೆ ಅದು ಇನ್ನೂ ನನ್ನದೇ ಅಕ್ಕೆರೇ. ನಿಮ್ಮಲ್ಲಿ ಇರ್ಲಿ” ಎಂದು ಅಮ್ಮನಿಗೆ ಹೇಳಿ ಹೊರಟುಹೋದರು.

ಅಮ್ಮ ಆ ಕಪಾಟಿನಲ್ಲಿ ಒಂದು ಸಾಸಿವೆ ಡಬ್ಬಿಯನ್ನೂ ಇಡಲಿಲ್ಲ. ಬಾಗಿಲು ತೆರೆದೂ ನೋಡಲಿಲ್ಲ. ಭರಣಿಗಳೆಲ್ಲ ಹಿಂದಿನಂತೆ ನೆಲದ ಮೂಲೆಗೆ ಬಂದವು. ನಾನು ಎಷ್ಟು ಹೇಳಿದರೂ, “ಬೇರೆಯವರ ಸಾಮಾನು ಮಗಾ, ನಾವು ಹೇಗೆ ಮುಟ್ಟುವುದು?” ಎಂಬ ಒಂದೇ ಮಾತು. ಅಣ್ಣನೊಡನೆ ಜಗಳವಿಲ್ಲ, ಮೌನವಿಲ್ಲ, ಬಂದಾಗ ಅವರಿಗಿಷ್ಟವಾದ ಬಸಳೆ ಸಾಂಬಾರು ತಪ್ಪಲಿಲ್ಲ. ಆದರೆ ನಮ್ಮ ಮನೆಯ ಅತ್ಯಂತ ಚೆಂದದ ಸಾಮಾನು ಖಾಲಿ ಇತ್ತು. ಮಾವ ಊಟಕ್ಕೆ ಕೂತಾಗ ಅದು ಅವರ ಕಣ್ಣೆದುರಿಗೇ ಬರುತ್ತಿತ್ತು. ಅವರು ತಲೆ ತಗ್ಗಿಸಿ ಉಣ್ಣಲು ಕಲಿತರು. ಹಟದಲ್ಲಿ ಅಣ್ಣ ತಂಗಿ ಯಾರೂ ಯಾರಿಗೂ ಕಡಿಮೆ ಇರಲಿಲ್ಲ.

ಹೀಗೆ ವರ್ಷ ಕಳೆದು ಇನ್ನೊಂದು ವರ್ಷವೂ ಅರ್ಧವಾಗಿತ್ತು. ಆಚಾರ್ರಿಗೆ ದಮ್ಮು ಜೋರಾಗಿದೆ, ಹಾಸಿಗೆ ಹಿಡಿದಿದ್ದಾರೆ ಎಂದು ಅವರ ಊರು ಮಿಜಾರಿನಿಂದ ನನ್ನ ಶಾಲೆಗೆ ಬರುತ್ತಿದ್ದ ಟೀಚರೊಬ್ಬರು ಹೇಳಿದರು. ಅಮ್ಮನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಅವಳು ಸೀರೆ ಉಟ್ಟು ತಯಾರಾಗಿದ್ದಳು. ಬುಟ್ಟಿಯಲ್ಲಿ ಹರಿವಾಣ, ವೀಳ್ಯದೆಲೆ, ಅಡಕೆ, ಕಾಯಿ, ಹೊಸ ಮುಂಡು. “ಮಿಜಾರಿಗೆ ಹೋಗುವ” ಎಂದಳು. ಮಾವನಿಗೆ ಹೇಳಿ ಕಳಿಸಬೇಕೇ ಎಂದು ನಾನು ಕೇಳಿದೆ. ಅವಳು ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಅಂಗಳಕ್ಕಿಳಿದಳು.

ಆಚಾರ್ರು ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಅಮ್ಮನನ್ನು ಕಂಡು ಮಂಚದಿಂದ ಇಳಿಯಲು ನೋಡಿದರು, ಆಗಲಿಲ್ಲ. ಅಮ್ಮ ಹರಿವಾಣ ಜೋಡಿಸಿದಳು.

“ಶೆಟ್ರು ಬರ್ಲಿಲ್ವಾ?” ಎಂದರು ಆಚಾರ್ರು, ಅಂಗಳದ ಕಡೆ ನೋಡಿ.

“ಮನೆ ನನ್ನದಲ್ವಾ ಆಚಾರ್ರೇ? ನೀವೇ ಹೇಳಿದ್ದು. ನಾನು ಬಂದಿದ್ದೇನೆ.”

ಹೆಂಗಸು ವೀಳ್ಯ ಕೊಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಪ್ರಾಯಶಃ ಆಚಾರ್ರೂ ನೋಡಿರಲಿಲ್ಲ. ಅವರು ಎರಡೂ ಕೈ ಚಾಚಿ ಹರಿವಾಣ ಹಿಡಿದರು. ಹರಿವಾಣದ ಭಾರಕ್ಕೆ ಅಮ್ಮ ಕೆಳಗಿನಿಂದ ಕೈ ಕೊಟ್ಟಳು. “ಇನ್ನು ಅದು ನಿಮ್ಮದು” ಎಂದರು. ಉಸಿರು ತಿರುಗಿಸಿಕೊಂಡು ಕೇಳಿದರು, “ಕೈ ಎಟುಕ್ತದಾ?”

“ಎಟುಕ್ತದೆ” ಎಂದಳು ಅಮ್ಮ.

ಬಸ್ಸಿನಲ್ಲಿ ಬರುವಾಗ, “ಒಂದು ದಿನವೂ ನೋಡದೆ ಹೇಳಿದೆನಲ್ಲ ಮಗಾ, ಎಟುಕದಿದ್ದರೆ?” ಎಂದು ಚಿಂತೆ ಮಾಡಿದಳು. ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಅಡಿಗೆಮನೆಗೆ ಹೋದಳು. ಬಾಗಿಲು ತೆರೆದು, ಹಿಮ್ಮಡಿ ನೆಲದಲ್ಲೇ ಇಟ್ಟು ಕೈ ಎತ್ತಿದಳು. ಬೆರಳು ಮೇಲಿನ ಹಲಗೆಯ ಆಚೆ ಅಂಚಿಗೂ ಹೋಯಿತು. ಆಗ ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಭರಣಿಗಳನ್ನು ಒಂದೊಂದಾಗಿ ಜೋಡಿಸಿದಳು.

ಆ ಭಾನುವಾರ ಮಾವ ಬರುವಾಗ ಹೊತ್ತು ನೆತ್ತಿಗೇರಿತ್ತು. ಒಳಗೆ ಬಂದವರು ಅಡಿಗೆಮನೆಯ ಬಾಗಿಲಲ್ಲೇ ನಿಂತರು. ಕೈಯಲ್ಲಿ ಜವುಳಿ ಅಂಗಡಿಯ ಪೊಟ್ಟಣವಿತ್ತು.

“ಐತಪ್ಪ ಆಚಾರಿ ಬೆಳಿಗ್ಗೆ ತೀರಿಕೊಂಡನಂತೆ. ಬಸ್ಸು ಇಳಿಯುವಾಗ ಹೇಳಿದರು.” ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ಹುಷಾರಿಲ್ಲ ಅಂತ ಕೇಳಿದ್ದೆ. ಇವತ್ತು ಹೋಗಿ ಕೊಡುವ ಅಂತ ಒಂದು ಮುಂಡು ತೆಗೆದುಕೊಂಡು ಬಂದಿದ್ದೆ.”

ಅಮ್ಮ ಸೌಟು ಕೆಳಗಿಟ್ಟಳು. ಮಾವನ ಕಣ್ಣು ಆಗ ಕಪಾಟಿನ ಮೇಲೆ ಬಿತ್ತು. ತೆರೆದ ಬಾಗಿಲು, ಒಳಗೆ ಸಾಲಾಗಿ ಭರಣಿಗಳು.

“ಮನೆಯ ವೀಳ್ಯ ನಾನು ಕೊಟ್ಟು ಬಂದಿದ್ದೇನೆ ಅಣ್ಣ” ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನದು ಮಾತ್ರ ಉಳಿಯಿತು.”

ಮಾವ ಪೊಟ್ಟಣ ಹಿಡಿದುಕೊಂಡೇ ಅಂಗಳಕ್ಕಿಳಿದು, ಚಪ್ಪಲಿ ಮೆಟ್ಟದೆ, ಬಸ್ಸಿಗೂ ಕಾಯದೆ, ಆ ಬಿಸಿಲಿನಲ್ಲಿ ಮಿಜಾರಿನ ದಾರಿ ಹಿಡಿದು ನಡೆದರು.