ಡಾಕ್ಟರಮ್ಮನ ಕಾರಿನ ಸಿಳ್ಳೆ

ನಮ್ಮ ಭಾವನ ಹತ್ತಿರ ಕಾರು ತಂದವರು ಅದರ ಕಾಯಿಲೆ ಏನೆಂದು ಹೇಳಬೇಕಾಗಿಯೇ ಇರಲಿಲ್ಲ. ಗಾಡಿ ಗೇಟು ದಾಟಿ ಒಳಗೆ ತಿರುಗುವಷ್ಟರಲ್ಲಿ ಅವರು ಕೂತಲ್ಲಿಂದಲೇ, "ಮುಂದಿನ ಎಡಗಡೆ ಬೇರಿಂಗು. ಇನ್ನೊಂದು ತಿಂಗಳು ಓಡುತ್ತೆ, ಆಮೇಲೆ ಓಡಲ್ಲ" ಅಂದುಬಿಡುತ್ತಿದ್ದರು. ಮೂವತ್ತೊಂದು ವರ್ಷ ಅವರು ಆ ಶೆಡ್ಡಿನಲ್ಲಿ ಕೈಯಿಂದ ಎಷ್ಟು ದುಡಿದರೋ ಕಿವಿಯಿಂದಲೂ ಅಷ್ಟೇ ದುಡಿದರು. ನಾನು ಅವರ ಹೆಂಡತಿಯ ತಮ್ಮ. ಶೆಡ್ಡಿನ ಮೂಲೆಯಲ್ಲಿ ಬೋಲ್ಟು, ಬೆಲ್ಟು, ಫಿಲ್ಟರು ಇಟ್ಟುಕೊಂಡಿರುವ ಕೌಂಟರು ನನ್ನದು. ನಿಮ್ಮಕ್ಕನನ್ನು ಮದುವೆಯಾದರೆ ನೀನು ಪುಕ್ಕಟೆ ಬರುತ್ತೀಯ ಅಂತ ಯಾರೂ ಹೇಳಿರಲಿಲ್ಲ ಎಂದು ಭಾವ ಇಪ್ಪತ್ತು ವರ್ಷದಿಂದ ಗೊಣಗುತ್ತಲೇ ಇದ್ದಾರೆ. ನಾನೂ ಕೇಳಿಸಿಕೊಳ್ಳುತ್ತಲೇ ಇದ್ದೇನೆ.

ಶೆಡ್ಡಿಗೆ ಒಂದು ಕಟ್ಟಳೆ ಇತ್ತು. ಕೆಲಸ ಮುಗಿದ ಗಾಡಿಯ ಬಾನೆಟ್ಟು ತೆರೆದು ಎಂಜಿನ್ ಚಾಲೂ ಮಾಡಬೇಕು, ಫ್ಯಾನು ಆರಿಸಬೇಕು, ಯಾರೂ ಪಿಟಕ್ಕೆನ್ನಬಾರದು. ಭಾವ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ಲೋಟ ನೀರು ನಿಧಾನಕ್ಕೆ ಕುಡಿಯುವಷ್ಟು ಹೊತ್ತು. ಆಮೇಲೆ "ಸರಿ, ಬಿಡು" ಅನ್ನಬೇಕು. ಆ ಮಾತು ಬರುವ ತನಕ ಎಂಥ ದೊಡ್ಡ ಮನುಷ್ಯನ ಗಾಡಿಯಾದರೂ ಕೀಲಿ ಕೈಗೆ ಸಿಗುತ್ತಿರಲಿಲ್ಲ. ಕಾಯುವವರು ಮೊದಮೊದಲು ಸಿಡಿಮಿಡಿಗೊಳ್ಳುತ್ತಿದ್ದರು, ಆಮೇಲೆ ಅದನ್ನು ನೋಡಲಿಕ್ಕೆಂದೇ ನಿಲ್ಲುತ್ತಿದ್ದರು.

ಆ ಕಿವಿ ಕೈಕೊಡುತ್ತಿದೆ ಎಂದು ನನಗೆ ಗೊತ್ತಾಗಿ ಎರಡು ವರ್ಷವಾಗಿತ್ತು. ಕೌಂಟರಿನ ಮೇಲಿದ್ದ ಫೋನು ಅವರ ಮೊಣಕೈ ಪಕ್ಕದಲ್ಲೇ ಕಿರುಗುಟ್ಟುತ್ತಿತ್ತು, ಅವರು ಆರಾಮಾಗಿ ಟೀ ಕುಡಿಯುತ್ತಿದ್ದರು. ಮಾತೆಲ್ಲ ಕೇಳುತ್ತಿತ್ತು, ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು. ಸಣ್ಣ, ಚೂಪು ಸದ್ದುಗಳು ಮಾತ್ರ ಒಂದೊಂದಾಗಿ ಅವರನ್ನು ಬಿಟ್ಟುಹೋಗುತ್ತಿದ್ದವು. ಕೆಟ್ಟ ಬೆಲ್ಟು, ಸೋರುವ ಪೈಪು, ಸವೆದ ಬ್ರೇಕು, ಎಲ್ಲ ಬಾಯಿಬಿಡುವುದು ಆ ಸದ್ದಿನಲ್ಲೇ.

ನಾನು ಯಾರಿಗೂ ಹೇಳಲಿಲ್ಲ, ಅಕ್ಕನಿಗೂ. ಐವತ್ತೆಂಟರ ವಯಸ್ಸಿನಲ್ಲಿ ಭಾವನನ್ನು ಆ ಶೆಡ್ಡಿನಿಂದ ಆಚೆ ಕೂರಿಸುವುದು ನನ್ನಿಂದಾಗದ ಮಾತು. ಸದ್ದಿಲ್ಲದೆ ಫೋನಿನ ಕರೆಗಂಟೆ ಬದಲಾಯಿಸಿ ದಪ್ಪ ಸದ್ದಿನದು ಹಾಕಿದೆ. ಗಾಡಿ ಒಳಗೆ ಬರುವಾಗ ನನಗೆ ಕೇಳಿದ್ದನ್ನು, ಗಿರಾಕಿಯೇ ಹೇಳಿದ ಹಾಗೆ, ಚೀಟಿಯಲ್ಲಿ ಬರೆದು ವೈಪರಿಗೆ ಸಿಕ್ಕಿಸುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಒಂದೇ ಬೇಜಾರೆಂದರೆ, ನಾನು ರಜೆ ಹಾಕಿದ ಮರುದಿನ ಶೆಡ್ಡಿನ ತುಂಬ ಗಾಡಿಗಳು ಹಾಗೇ ನಿಂತಿರುತ್ತಿದ್ದವು. ಬಾಮೈದನಿಗೆ ಒಂದು ದಿನ ನೆಮ್ಮದಿ ಕೊಡಬಾರದೆಂಬ ಹಟ ಇವರಿಗೆ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಬಂದರು. ಎರಡು ಬೀದಿ ಆಚೆ ಅವರ ಕ್ಲಿನಿಕ್ಕು. ಐವತ್ತು ತುಂಬಿದ ವರ್ಷ ಯಾರನ್ನೂ ಕೇಳದೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಹಳದಿ ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಪಕ್ಕದ ಸೀಟಿನ ಮೇಲೆ ಒಂದು ಡಬ್ಬ. ಅದರೊಳಗೆ ತೋಳು ದಪ್ಪದ ಹೊಳೆಯುವ ಅಲ್ಯೂಮಿನಿಯಂ ಪೈಪು, ಕೆಂಪು ಬಣ್ಣದ ಮೊನಚು ಫಿಲ್ಟರು, ಪೈಪಿನ ತುದಿಗೆ ತೊಡಿಸುವ ರಬ್ಬರಿನಂಥ ಎರಡು ಸಿಲಿಕಾನ್ ತೋಳುಗಳು, ಒಂದು ಚೀಲ ಕ್ಲ್ಯಾಂಪು.

ಇಂಥ ಕಿಟ್ಟುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು ಒಳಗೆ ಕೇಳಬಾರದೆಂದು ಕಂಪನಿಯವರು ಕಷ್ಟಪಟ್ಟು ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಮಾಡಿ ಕೂರಿಸಿರುತ್ತಾರೆ. ಜನ ಅದನ್ನು ಕಿತ್ತು, ಆ ಸದ್ದು ಕೇಳಲಿ ಎಂದು ಅಗಲ ಪೈಪು ಹಾಕಿಸುತ್ತಾರೆ. ಭಾವನೂ ಸುಮ್ಮನಿರದೆ ಕೇಳಿಯೇಬಿಟ್ಟರು, "ಡಾಕ್ಟ್ರೇ, ಇದ್ರಿಂದ ಗಾಡಿ ಏನೂ ಹಾರಲ್ಲ. ಬರೀ ಸದ್ದು ಬದಲಾಗುತ್ತೆ ಅಷ್ಟೆ. ಬೇಕಾ?"

"ಅದೇ ಬೇಕು" ಅಂದರು ಅವರು. "ಬೆಳಗ್ಗೆಯಿಂದ ಸಂಜೆ ತನಕ ನಂಗೆ ಡ್ರಿಲ್ಲಿನ ಸದ್ದು, ಇಲ್ಲಾ ಬಾಯಿ ತೆಗೆದವರ ಆಆ. ಮನೆಗೆ ಹೋಗೋದು ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ನಂಗೆ ಇಷ್ಟ ಆಗಿದ್ದನ್ನ ಕೇಳ್ತೀನಿ."

ಆ ದಿನ ಬಾಯಿ ತೆರೆಯುವ ಸ್ಥಿತಿಯಲ್ಲೇ ನಾನಿರಲಿಲ್ಲ. ಕೆಳಗಿನ ದವಡೆಯ ಹಲ್ಲೊಂದು ಹಿಂದಿನ ದಿನದಿಂದ ಪ್ರಾಣ ಹಿಂಡುತ್ತಿತ್ತು. ಕೆನ್ನೆ ಊದಿತ್ತು. ತಲೆಯಿಂದ ಗದ್ದದವರೆಗೆ ಮಫ್ಲರು ಸುತ್ತಿಕೊಂಡು, ಡಾಕ್ಟರಮ್ಮನ ಕಣ್ಣಿಗೆ ಬೀಳದ ಹಾಗೆ ಫಿಲ್ಟರುಗಳ ಕಪಾಟಿನ ಹಿಂದೆ ಸರಿದು ನಿಂತಿದ್ದೆ. ಹಲ್ಲು ಕೀಳುವವರೆಂದರೆ ನನಗೆ ಚಿಕ್ಕಂದಿನಿಂದಲೂ ಭಯ. ಅವರು ಕೀಲಿ ಕೊಟ್ಟು ಕ್ಲಿನಿಕ್ಕಿಗೆ ನಡೆದ ಮೇಲೆ ಭಾವ, "ಊರೆಲ್ಲ ಹುಡುಕಿದ್ರೂ ಸಿಗದ ಡಾಕ್ಟ್ರು ಕಾಲ ಬುಡಕ್ಕೆ ಬಂದಿದ್ರು, ಈ ಮಹಾಶಯ ಕಪಾಟಿನ ಹಿಂದೆ ಕಣ್ಣಾಮುಚ್ಚಾಲೆ ಆಡ್ತಾ ಇದಾನೆ" ಎಂದು ಗೋಡೆಗೆ ಹೇಳಿದರು.

ಭಾವ ಕೆಲಸ ಮಾಡುವುದನ್ನು ನೋಡುತ್ತಿದ್ದರೆ ಹಲ್ಲುನೋವೂ ಸ್ವಲ್ಪ ಮರೆಯುತ್ತದೆ. ಮೊದಲು ಬ್ಯಾಟರಿಯ ಒಂದು ತಂತಿ ಬಿಚ್ಚಿಟ್ಟರು. ಗಾಳಿ ಅಳೆಯುವ ಸೆನ್ಸರಿನ ಪ್ಲಗ್ಗನ್ನು, ಮಗುವಿನ ಮುಷ್ಟಿಯಿಂದ ಏನಾದರೂ ಬಿಡಿಸಿಕೊಳ್ಳುವ ಹಾಗೆ, ಮೆಲ್ಲಗೆ ಬಿಡಿಸಿದರು. ಹಳೆಯ ಪೆಟ್ಟಿಗೆಯನ್ನು ಎತ್ತಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ತೆರೆದುಕೊಂಡ ಎಂಜಿನ್ನಿನ ಬಾಯಿಗೆ ಏನೂ ಬೀಳದಂತೆ ಒಂದು ಶುಭ್ರ ಬಟ್ಟೆ ತುರುಕಿದರು. ಹೊಸ ಪೈಪಿಗೆ ಸೆನ್ಸರು ಕೂರಿಸುವಾಗ ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿದೆಯೇ ಎಂದು ಎರಡು ಸಲ ನೋಡಿದರು. ಬಟ್ಟೆ ತೆಗೆದು, ಸಿಲಿಕಾನ್ ತೋಳು ತೊಡಿಸಿ, ಪೈಪು ಸೇರಿಸಿ, ಕ್ಲ್ಯಾಂಪುಗಳನ್ನು ಬಿಗಿದರು. ಎಲ್ಲೂ ಅವಸರವಿಲ್ಲ, ಎಲ್ಲೂ ಕೈ ತಡವರಿಸಲಿಲ್ಲ.

ಸಂಜೆ ಡಾಕ್ಟರಮ್ಮ ಬಂದಾಗ ಫ್ಯಾನು ಆರಿಸಿದೆವು. ಭಾವ ಬಾನೆಟ್ಟಿನ ಪಕ್ಕ ನಿಂತರು. ನಾನು ಒಳಗೆ ಕೂತು ಆಕ್ಸಿಲರೇಟರು ಒತ್ತಿದೆ. ದಪ್ಪನೆಯ, ತುಂಬಿದ ಗರ್ಜನೆಯೊಂದು ಎದ್ದಿತು. ಅದರ ಮೇಲೆ, ದಾರದಷ್ಟು ಸಣ್ಣಗೆ, ಒಂದು ಸಿಳ್ಳೆ. ಎಲ್ಲೋ ಗಾಳಿ ಸೋರುತ್ತಿತ್ತು. ಆ ಸದ್ದು ನೆಟ್ಟಗೆ ನನ್ನ ಹಲ್ಲಿಗೇ ಹೋಗಿ ನಾಟಿತು. ನಾನು ಮುಖ ಕಿವುಚಿದೆ. ಭಾವ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದರು. ಆಮೇಲೆ "ಸರಿ, ಬಿಡು" ಅಂದರು.

ಗಿರಾಕಿಯ ಎದುರು ಭಾವನ ಮಾತಿಗೆ ಎದುರು ಮಾತು ಆಡಿದವನೇ ಅಲ್ಲ ನಾನು. ಬೆಳಗ್ಗೆ ಕ್ಲಿನಿಕ್ಕಿಗೆ ಹೋಗಿ ಏನೋ ನೆಪ ಹೇಳಿ ಕಾರು ವಾಪಸು ತರಿಸಿದರಾಯಿತು ಎಂದುಕೊಂಡೆ. ಆದರೆ ಮನೆಗೆ ಹೋಗುವಷ್ಟರಲ್ಲಿ ಜ್ವರ ಏರಿತು. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಮೂರನೆಯ ದಿನ ನಾನು ಶೆಡ್ಡಿಗೆ ಬಂದೆ, ನನ್ನ ಹಿಂದೆಯೇ ಹಳದಿ ಕಾರೂ ಬಂತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಎಚ್ಚರಿಕೆ ದೀಪ ಉರಿಯುತ್ತಿತ್ತು. ಡಾಕ್ಟರಮ್ಮ ಕೂಗಾಡಲಿಲ್ಲ. "ಸಿಳ್ಳೆ ಬರ್ತಿದೆ" ಅಂದರು. "ನನ್ನ ಡ್ರಿಲ್ಲೇ ಬೆನ್ನು ಹತ್ತಿ ಮನೆ ತನಕ ಬಂದ ಹಾಗಿದೆ."

ಭಾವ ಬಾನೆಟ್ಟು ತೆಗೆದು ಅವರಿಂದಲೇ ಎಂಜಿನ್ ಚಾಲೂ ಮಾಡಿಸಿದರು. ನಿಂತರು. ನನ್ನ ಕಡೆ ತಿರುಗಿ ನೋಡಿದರು. ಕೆನ್ನೆ ಇಳಿದಿತ್ತು, ಮಫ್ಲರು ಇರಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಕೈ ಎತ್ತಿ ಎಂಜಿನ್ ನಿಲ್ಲಿಸಿ ಎಂದು ಸನ್ನೆ ಮಾಡಿದರು.

"ಡಾಕ್ಟ್ರೇ, ಆ ಸಿಳ್ಳೆ ನಂಗೆ ಕೇಳಿಸ್ತಾ ಇಲ್ಲ" ಅಂದರು. "ಆದ್ರೆ ಇದೆ. ಇವನ ಮುಖ ಹೇಳ್ತಿದೆ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

"ಎರಡು ವರ್ಷ ಆಯ್ತು ಸಣ್ಣ ಸದ್ದು ನಂಗೆ ಕೇಳಿಸಿ" ಎಂದು ಭಾವ ಮುಂದುವರಿಸಿದರು. "ಕಣ್ಣು ಮುಚ್ಕೊಂಡು ಕೇಳೋದು ಯಾವಾಗ್ಲೋ ಬಿಟ್ಟೆ. ಕಣ್ಣು ಬಿಟ್ಕೊಂಡು ಇವನನ್ನ ನೋಡ್ತೀನಿ. ಕೆಟ್ಟ ಸದ್ದು ಬಂದ್ರೆ ಇವನ ಎಡಗಡೆ ಹುಬ್ಬು ಮೇಲಕ್ಕೆ ಹೋಗುತ್ತೆ. ಹುಬ್ಬು ಏಳದಿದ್ರೆ ಬಿಡು ಅಂತೀನಿ. ಇವನು ರಜೆ ಹಾಕಿದ ದಿನ ಒಂದು ಗಾಡೀನೂ ಬಿಟ್ಟಿಲ್ಲ. ಮೊನ್ನೆ ಹಲ್ಲುನೋವಲ್ಲಿ ಮುಖ ಎಲ್ಲ ಮುದುಡಿತ್ತು. ಹಲ್ಲಿಗೆ ಅಂದ್ಕೊಂಡೆ. ತಪ್ಪು ನಂದು."

ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ದಿನಾ ಬೆಳಗ್ಗೆ ಎದ್ದು ಬಂದು, ತಮ್ಮ ಹೆಸರನ್ನು ನನ್ನ ಹುಬ್ಬಿನ ಮೇಲಿಟ್ಟು ಬದುಕುತ್ತಿದ್ದರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ದುಃಖವಾಯಿತು.

"ಎಂಜಿನ್ನಿಗೆ ಏನಾದ್ರೂ ಆಗಿದ್ಯಾ?" ಡಾಕ್ಟರಮ್ಮ ಕೇಳಿದರು.

"ಮೂರು ದಿನಕ್ಕೆ ಏನೂ ಆಗಿರಲ್ಲ. ಮೂರು ತಿಂಗಳು ಹೀಗೇ ಓಡಿಸಿದ್ರೆ ಧೂಳು ಒಳಗೆ ಹೋಗಿ ಹಾಳು ಮಾಡ್ತಿತ್ತು. ಹಳೇ ಪೆಟ್ಟಿಗೆ ಹಾಗೇ ಇದೆ. ಬೇಡ ಅಂದ್ರೆ ಅದನ್ನೇ ಕೂರಿಸಿ ಕೊಡ್ತೀನಿ. ಬೇರೆ ಕಡೆ ತೋರಿಸ್ತೀನಿ ಅಂದ್ರೂ ನಂಗೆ ಬೇಜಾರಿಲ್ಲ."

ಮೂವತ್ತೊಂದು ವರ್ಷದ ಹೆಸರನ್ನು ಅವರು ಹಾಗೆ ಆ ಬಾನೆಟ್ಟಿನ ಅಂಚಿನ ಮೇಲಿಟ್ಟು ನಿಂತರು. ಡಾಕ್ಟರಮ್ಮ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕೈಚೀಲ ಕೌಂಟರಿನ ಮೇಲಿಟ್ಟು ಕುರ್ಚಿ ಎಳೆದುಕೊಂಡರು.

"ನೀವೇ ಮಾಡಿ. ಕೂತಿರ್ತೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಹಲ್ಲು ಯಾವುದು ಅಂತ ಆಮೇಲೆ ನೋಡ್ತೀನಿ. ಕಪಾಟಿನ ಹಿಂದೆ ಹೋಗೋದು ಬೇಡ" ಅಂದರು.

ಭಾವ ಮೊಳದುದ್ದದ ರಬ್ಬರ್ ಕೊಳವೆಯೊಂದನ್ನು ಗೋಡೆಯಿಂದ ತೆಗೆದು ನನ್ನ ಕೈಗಿತ್ತರು. ಸೋರಿಕೆ ಹುಡುಕಲು ಅದರ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ ಮೇಲೆ ಆಡಿಸುತ್ತಾರೆ. ಆ ಕೊಳವೆ ಅವರದು, ಅದನ್ನು ನಾನು ಯಾವತ್ತೂ ಮುಟ್ಟಿದವನಲ್ಲ. ಎಂಜಿನ್ ಚಾಲೂ ಆಯಿತು. ಸೆನ್ಸರಿನ ಹತ್ತಿರ ಏನಿಲ್ಲ. ಪೈಪಿನ ನಡುವೆ ಏನಿಲ್ಲ. ಎಂಜಿನ್ನಿನ ಬಾಯಿಯ ಹತ್ತಿರ, ಸಿಲಿಕಾನ್ ತೋಳಿನ ಅಡಿಭಾಗಕ್ಕೆ ಬಂದಾಗ ಸಿಳ್ಳೆ ಕಿವಿಗೆ ಚುಚ್ಚಿತು. "ಇಲ್ಲಿ, ಭಾವ" ಅಂದೆ. ಅವರು ಬೆರಳು ಒದ್ದೆ ಮಾಡಿ ಅಲ್ಲಿ ಹಿಡಿದರು. ತಣ್ಣಗೆ ಎಳೆಯುವುದು ಬೆರಳಿಗೆ ತಾಗಿರಬೇಕು, ತಲೆಯಾಡಿಸಿದರು. ಬಿಚ್ಚಿ ನೋಡಿದರೆ ತೋಳಿನ ಒಳ ಅಂಚು ಉಗುರಿನಷ್ಟು ಮಡಚಿಕೊಂಡಿತ್ತು, ಕ್ಲ್ಯಾಂಪು ಆ ಮಡಿಕೆಯ ಮೇಲೆಯೇ ಕೂತಿತ್ತು. ಅವರು ಅದನ್ನು ಬಿಡಿಸಿ, ಸವರಿ, ಮತ್ತೆ ತೊಡಿಸಿ ಬಿಗಿದರು. ದೀಪವನ್ನೂ ಆರಿಸಿಕೊಟ್ಟರು.

ಡಾಕ್ಟರಮ್ಮ ಕೀಲಿಯನ್ನು ನನಗೇ ಕೊಟ್ಟರು. "ಇಬ್ರೂ ಒಂದು ಸುತ್ತು ಹೋಗಿ ಬನ್ನಿ. ಇರೋದು ಎರಡೇ ಸೀಟು, ನಾನು ಇಲ್ಲೇ ಇರ್ತೀನಿ."

ಗೋದಾಮುಗಳ ಹಿಂದಿನ ಉದ್ದ ರಸ್ತೆಗೆ ಬಂದೆವು. ಸಿಳ್ಳೆ ಹೋಗಿತ್ತು, ಹೇಳಿದೆ. ಅವರು "ಹೂಂ" ಅಂದರು.

"ನನ್ನ ಕಿವಿ ವಿಷ್ಯ ನಿಂಗೆ ಮೊದಲೇ ಗೊತ್ತಿತ್ತಲ್ವಾ?"

"ಗೊತ್ತಿತ್ತು ಭಾವ."

"ಫೋನಿಂದು ಬದಲಾಯಿಸಿದಾಗ್ಲೇ ಅಂದ್ಕೊಂಡೆ. ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಶೆಡ್ಡು ಮುಚ್ಚಿಬಿಡ್ತೀರಿ ಅಂತ ಭಯ."

"ನಂಗೂ ಅದೇ ಭಯ" ಅಂದರು. "ನಾಳೆಯಿಂದ ಬಂದವರಿಗೆಲ್ಲ ಹೇಳ್ತೀನಿ. ಬಿಗಿಯೋದು ನಾನು, ಕೇಳೋದು ನನ್ನ ಬಾಮೈದ ಅಂತ. ಇಷ್ಟ ಇದ್ದವರು ಬರ್ಲಿ. ನಿಮ್ಮಕ್ಕನಿಗೆ ಇವತ್ತೇ ಹೇಳ್ತೀನಿ."

ರಸ್ತೆ ಖಾಲಿ ಇತ್ತು, ಕಾಲು ಒತ್ತಿದೆ. ಬಾನೆಟ್ಟಿನೊಳಗಿಂದ ಗಾಳಿ ಎಳೆಯುವ ಸದ್ದು ಎದ್ದು ಬಂತು. ಭಾವ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಒತ್ತಿಟ್ಟುಕೊಂಡು ಕೂತಿದ್ದರು.

"ಚೆನ್ನಾಗಿದ್ಯಾ?" ಅಂದರು. "ನಂಗೆ ಕೆಳಗಿನ ಅರ್ಧ ಬರ್ತಿದೆ, ಗುಡುಗುಡು. ಮೇಲಿನ ಅರ್ಧ ಹೇಗಿದೆ ಹೇಳು."

ಇಂಥ ಕಿಟ್ಟುಗಳನ್ನು ಬೈಯುವುದೊಂದೇ ನನಗೆ ಗೊತ್ತಿದ್ದದ್ದು, ಹೊಗಳಿ ಅಭ್ಯಾಸವಿರಲಿಲ್ಲ. ಗೇರು ಇಳಿಸಿ ಮತ್ತೊಮ್ಮೆ ಒತ್ತಿದೆ, ಈ ಸಲ ಗಮನವಿಟ್ಟು ಕೇಳಿದೆ. ಆಮೇಲೆ, ಮೊದಲು ಒಂದು ಉಸಿರು ಎಳೆದುಕೊಳ್ಳುತ್ತೆ ಭಾವ, ಅಂತ ಶುರುಮಾಡಿ, ತಿಳಿದಷ್ಟು ಮಾತಿನಲ್ಲಿ, ರಸ್ತೆ ಮುಗಿಯುವ ತನಕ ಹೇಳುತ್ತಾ ಹೋದೆ.