ಎಂಟನೆಯ ಭೀಮನ ಅಮಾವಾಸ್ಯೆ

ಫೋಟೋದ ಗಾಜಿನ ಮೇಲೆ, ಅವನ ಬಲಗಾಲಿನ ಹೆಬ್ಬೆರಳು ಇದ್ದ ಕಡೆ, ಅರಿಶಿನದ ಒಂದು ಚುಕ್ಕಿ ಇತ್ತು. ಅಮ್ಮ ಇಟ್ಟದ್ದು. ಎಡಗಾಲಿಗೂ ಇಡಬೇಕೆಂದಿದ್ದಳು, ಆದರೆ ಅದು ಅಲೆಯ ನೊರೆಯಲ್ಲಿ ಮುಚ್ಚಿಹೋಗಿತ್ತು.

ಅವನು ಎಂದರೆ ನನ್ನ ಗಂಡ. ಮದುವೆಯಾದಾಗ ರಾಯಪುರಂನಲ್ಲಿ, ಬಂದರಿಗೆ ಬರುವ ಹಡಗುಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದ. ಮರುವರ್ಷ ಅದೇ ಬಗೆಯ ಕೆಲಸ ಸಿಕ್ಕಿ ನೆದರ್‌ಲ್ಯಾಂಡ್ಸಿಗೆ ಹೋದ. ನಾನೂ ಹೋಗಬೇಕಿತ್ತು, ಹೋಗಲಿಲ್ಲ. ಕೆಲಕಾಲ ಕರೆದ, ಆಮೇಲೆ ಕರೆಯಲಿಲ್ಲ. ಏನಾಯಿತು ಎನ್ನುವುದು ನಮ್ಮಿಬ್ಬರಲ್ಲೇ ಇರಲಿ. ಜಗಳವಾಗಿರಲಿಲ್ಲ, ಅಷ್ಟು ಹೇಳಬಹುದು. ನಾನು ಮಾಧವರಂಗೆ, ಅಮ್ಮನ ಮನೆಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅವಳೊಬ್ಬಳೇ ಇದ್ದಳು.

ಆಷಾಢದ ಕೊನೆಗೆ ಬರುವ ಭೀಮನ ಅಮಾವಾಸ್ಯೆಯಂದು ನಮ್ಮ ಕಡೆಯ ಹೆಂಗಸರು ಗಂಡನ ಪಾದಪೂಜೆ ಮಾಡುತ್ತಾರೆ. ಮದುವೆಯಾದಾಗಿನಿಂದ ಒಂಬತ್ತು ವರ್ಷ ತಪ್ಪದೆ ಮಾಡಿ ಮುಗಿಸಬೇಕು ಎಂದು ಅಮ್ಮನ ಲೆಕ್ಕ. ಮೊದಲ ವರ್ಷ ಅವನು ಎದುರಿಗೇ ಇದ್ದ. ತಟ್ಟೆಯಲ್ಲಿ ಕಾಲಿಟ್ಟು, ಕಚಗುಳಿಯಾಗುತ್ತದೆಂದು ಬೆರಳು ಮಡಚಿಕೊಂಡಿದ್ದ. ಮರುವರ್ಷ ಅಮ್ಮ ಫೋನನ್ನು ದೀಪದ ಕಂಬಕ್ಕೆ ಒರಗಿಸಿದಳು.

"ಅಳಿಯಂದ್ರೇ, ಮುಖ ಬೇಡ, ಸ್ವಲ್ಪ ಕೆಳಗೆ ತೋರಿಸಿ."

ಅವನು ಕಾಲು ತೋರಿಸಿದ.

"ಅಯ್ಯೋ, ಕಾಲುಚೀಲ ತೆಗೀಬೇಕಪ್ಪಾ!"

ಆ ಕಡೆಯಿಂದ ಅವನು ನಕ್ಕದ್ದು ಕೇಳಿಸಿತು. ನಾನೂ ನಕ್ಕೆ. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಇರಬೇಕು. ಫೋನು ನಿಂತ ಮೇಲೆ ಅಮ್ಮ ಕಾಲು ಕಾಣುವ ಫೋಟೋ ಹುಡುಕಿದಳು. ಮದುವೆಯ ಆಲ್ಬಮ್ಮಿನಲ್ಲಿ ಎಲ್ಲ ಕಡೆ ಪಂಚೆಯ ಅಂಚು ಪಾದ ಮುಚ್ಚಿತ್ತು. ಕೊನೆಗೆ ಸಿಕ್ಕಿದ್ದು ಬೀಚಿನಲ್ಲಿ ಪ್ಯಾಂಟು ಮಡಚಿ ನಿಂತಿದ್ದ ಈ ಫೋಟೋ. ಅದಕ್ಕೆ ಕಟ್ಟು ಹಾಕಿಸಿ, ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದು ಪೂಜೆಗಿಡುತ್ತಿದ್ದಳು. ನಾನು ಬೇಡ ಎನ್ನಲಿಲ್ಲ. ಅಕ್ಷತೆ ಹಾಕಿ, ದಾರ ಕಟ್ಟಿಸಿಕೊಂಡು, ಎಗ್ಮೋರಿನ ನನ್ನ ಆಫೀಸಿಗೆ ಹೋಗುತ್ತಿದ್ದೆ.

ಎಂಟನೆಯ ವರ್ಷ ಆ ದಿನ ಭಾನುವಾರ ಬಂತು, ನಾನು ಮನೆಯಲ್ಲಿದ್ದೆ. ಎದುರುಮನೆಯ ಮಾಮಿ ಹೊಸದಾಗಿ ಬಂದವರು. ಮೊಸರಿನ ಪಾತ್ರೆ ವಾಪಸು ಕೊಡಲು ಬಂದು ಬಾಗಿಲಲ್ಲೇ ನಿಂತುಬಿಟ್ಟರು. ತಮಿಳರಿಗೆ ಅದು ಆಡಿ ಅಮಾವಾಸ್ಯೆ, ತೀರಿಕೊಂಡವರಿಗೆ ತರ್ಪಣ ಬಿಡುವ ದಿನ. ಆ ಬೆಳಿಗ್ಗೆಯಷ್ಟೇ ಮಾಮಿಯ ಗಂಡ ಸಮುದ್ರಕ್ಕೆ ಹೋಗಿ ತಮ್ಮ ಅಪ್ಪನಿಗೆ ಎಳ್ಳುನೀರು ಬಿಟ್ಟು ಬಂದಿದ್ದರು. ಇಲ್ಲಿ ನೋಡಿದರೆ ಒಬ್ಬ ಯುವಕನ ಫೋಟೋ, ಮೇಲೆ ಮಲ್ಲಿಗೆ, ಎದುರಿಗೆ ದೀಪ, ಪಕ್ಕದಲ್ಲಿ ಮಡಿಯುಟ್ಟು ಕೂತ ನಾನು.

ಮಾಮಿ ಪಾತ್ರೆಯನ್ನು ಕೆಳಗಿಟ್ಟು ನನ್ನ ಕೆನ್ನೆ ಮುಟ್ಟಿದರು. "ಎಪ್ಪೋಮ್ಮಾ ಆಚ್ಚು? ಚಿನ್ನ ವಯಸು..."

ಇಷ್ಟು ಚಿಕ್ಕ ವಯಸ್ಸು, ಯಾವಾಗ ಹೋದರು ಎಂದು ಕೇಳುತ್ತಿದ್ದರು. ಅವರ ಕಣ್ಣು ತುಂಬಿತ್ತು.

ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. "ಎನ್ನ ಮಾಮಿ ಇಪ್ಪಡಿ ಕೇಕ್ಕರೀಂಗ! ನಲ್ಲಾ ಇರುಕ್ಕಾರು! ಗುಂಡುಕಲ್ಲಿನ ಹಾಗೆ ಇದಾರೆ!" ಹೀಗೆ ಕೇಳುತ್ತೀರಲ್ಲ, ಚೆನ್ನಾಗಿದ್ದಾರೆ ಎಂದು ಶುರುಮಾಡಿ, ಸಿಟ್ಟಿನಲ್ಲಿ ತಮಿಳು ಸಾಲದೆ ಕನ್ನಡಕ್ಕೆ ಬಂದಿದ್ದಳು. ಮಾಮಿ ಬಾಯಿ ಮೇಲೆ ಕೈಯಿಟ್ಟುಕೊಂಡು, ಕೆನ್ನೆಗೆ ಬಡಿದುಕೊಂಡು, ಮತ್ತೆ ಮತ್ತೆ ಕ್ಷಮೆ ಕೇಳಿದರು. ಅವರು ಹೋದ ಮೇಲೆ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಿವಾಳಿಸಿದ್ದು ಫೋಟೋಕ್ಕೆ.

ನಾನು ಕೂತಲ್ಲಿಂದ ಏಳಲಿಲ್ಲ. ಮಾಮಿ ಕೇಳಿದ ಕ್ಷಣ ನನಗೆ ಗಾಬರಿಯಾಗಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಹಗುರವಾಗಿತ್ತು. ಹೌದು, ಹೋದರು ಎಂದರೆ ಎಲ್ಲ ಮುಗಿಯಿತಲ್ಲ, ಇನ್ನು ಯಾರೂ ಏನೂ ಕೇಳುವುದಿಲ್ಲವಲ್ಲ ಎನಿಸಿತ್ತು. ನನಗೆ ಯಾವ ಕೇಡನ್ನೂ ಬಯಸದ, ಎಲ್ಲೋ ತನ್ನ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಮನುಷ್ಯನ ಸಾವಿನಲ್ಲಿ ನಾನು ನೆಮ್ಮದಿ ಕಂಡಿದ್ದೆ. ಅವನ ಆಯುಸ್ಸಿಗಾಗಿ ಮಾಡುವ ಪೂಜೆಯಲ್ಲಿ ಕೂತುಕೊಂಡೇ. ಹೀಗೆ ಒಬ್ಬರ ಹೆಂಡತಿಯಾಗಿ ಇರಬಾರದು ಎಂದು ಆಗ ತಿಳಿಯಿತು.

ಮಧ್ಯಾಹ್ನ ಅವನಿಗೆ ನಾಲ್ಕು ಸಾಲು ಬರೆದು ಕಳಿಸಿದೆ. ಇಬ್ಬರೂ ಒಪ್ಪಿ ವಿಚ್ಛೇದನ ತೆಗೆದುಕೊಳ್ಳೋಣ ಎಂದು. ಎರಡು ದಿನ ಬಿಟ್ಟು ಉತ್ತರ ಬಂತು: "ಸರಿ. ನೀನು ಹೇಗಿದ್ದೀಯ?" ಚೆನ್ನಾಗಿದ್ದೇನೆ ಎಂದು ಬರೆದೆ. ಇಲ್ಲಿನ ಕೆಲಸಕ್ಕೆ ಅವನು ತಾಂಬರಂನಲ್ಲಿದ್ದ ಅಣ್ಣನಿಗೆ ಅಧಿಕಾರಪತ್ರ ಕಳಿಸಿಕೊಟ್ಟ. ಅರ್ಜಿ ಹಾಕಿದೆವು. ಆರು ತಿಂಗಳು ಕಾಯಬೇಕೆಂದರು. ಕೊನೆಯ ವಿಚಾರಣೆ ಮೇ ತಿಂಗಳಲ್ಲಿ ಬಿತ್ತು.

ಅಷ್ಟು ದಿನ ಸುಮ್ಮನಿದ್ದ ಅಮ್ಮ ಹಿಂದಿನ ಸಂಜೆ ಬಟ್ಟೆ ಮಡಚುತ್ತಾ ಬಾಯಿಬಿಟ್ಟಳು.

"ಕೋರ್ಟಲ್ಲಿ ಇನ್ನೊಂದು ವಾಯಿದೆ ಕೇಳೋಕೆ ಆಗಲ್ವೇನೇ? ಆಷಾಢ ಬಂದೇಬಿಡ್ತು. ಇನ್ನೊಂದೇ ವರ್ಷ ಬಾಕಿ."

"ಒಂಬತ್ತು ಮುಗಿಸಿಕೊಂಡು ಬಿಡೋದಾ ಅಮ್ಮ?"

"ನಗಬೇಡ. ಅರ್ಧಕ್ಕೆ ಬಿಡಬಾರದು ಅಂತಾರೆ."

"ನಾನು ನಗ್ತಾ ಇಲ್ಲ."

"ಅವನಿಗೇನಾದ್ರೂ ಆದ್ರೆ?"

ಅವಳ ಭಯ ನನ್ನ ಮದುವೆಯ ಬಗ್ಗೆ ಅಲ್ಲ, ಅವನ ಬಗ್ಗೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಆ ಫೋಟೋ ಒರೆಸಿ ಇಟ್ಟವಳು ಅವಳು. "ಅವನಿಗೆ ಏನೂ ಆಗಲ್ಲಮ್ಮ," ಎಂದೆ.

ಕೋರ್ಟಿನ ಪರದೆಯ ಮೇಲೆ ಅವನು ಕೆಲಸದ ಜಾಕೆಟ್ಟು ಹಾಕಿಕೊಂಡು ಕೂತಿದ್ದ. ಅಲ್ಲಿ ಇನ್ನೂ ಬೆಳಿಗ್ಗೆ. ಹಣೆ ದೊಡ್ಡದಾಗಿತ್ತು. ನ್ಯಾಯಾಧೀಶರು ಒತ್ತಾಯವೇನಾದರೂ ಇದೆಯೇ ಎಂದು ಕೇಳಿದರು, ಇಲ್ಲ ಎಂದ. ಮತ್ತೆ ಒಟ್ಟಿಗೆ ಬಾಳುವ ಯೋಚನೆ? ಇಲ್ಲ ಎಂದ. ತುಟಿ ಅಲುಗಿದ ಸ್ವಲ್ಪ ಹೊತ್ತಿಗೆ ಧ್ವನಿ ಬರುತ್ತಿತ್ತು. ನಾನೂ ಎರಡು ಸಲ ಇಲ್ಲ ಎಂದೆ. ಸಂಪರ್ಕ ಕಡಿಯುವ ಮೊದಲು ಅವನು ಕೆಮ್ಮಿದ, ಯಾರೋ ಪಕ್ಕದಿಂದ ನೀರು ಕೊಟ್ಟರು, ಕೈ ಮಾತ್ರ ಕಂಡಿತು. ಯಾರ ಕೈ ಎಂದು ನಾನು ಯೋಚಿಸಲಿಲ್ಲ. ನೀರು ಕೊಡುವವರಿದ್ದಾರೆ ಎಂದು ಸಮಾಧಾನವಾಯಿತು. ಈ ಸಲದ ನೆಮ್ಮದಿಗೆ ನಾನು ಹೆದರಲಿಲ್ಲ.

ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ. "ಹೇಗಿದಾನೆ?"

"ಕೂದಲು ಉದುರಿದೆ. ಚೆನ್ನಾಗಿದಾನೆ."

ತಲೆಯಾಡಿಸಿ ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ, ನಾಳೆ ತಿರುಪತಿಗೆ ಹೋಗುತ್ತೇನೆ ಎಂದಳು. ಅಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಅಳಿಯ ಎಲ್ಲಿ ಎಂದು ಕೇಳುತ್ತಾರೆಂದು ಆರು ವರ್ಷದಿಂದ ಅವರ ಮನೆಯ ಶುಭಕಾರ್ಯಗಳನ್ನೆಲ್ಲ ಅಮ್ಮ ಏನಾದರೊಂದು ನೆಪ ಹೇಳಿ ತಪ್ಪಿಸುತ್ತಿದ್ದಳು. "ಅಕ್ಕಂಗೆ ನಾನೇ ಹೇಳ್ಬೇಕು. ಫೋನಲ್ಲಿ ಹೇಳೋ ಮಾತಲ್ಲ."

ಮರುದಿನ ಬೆಳಿಗ್ಗೆ ಅವಳ ಚೀಲ ಹಿಡಿದುಕೊಂಡು ಮಾಧವರಂ ಬಸ್ ನಿಲ್ದಾಣಕ್ಕೆ ಹೋದೆ. ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು, ನೀರಿನ ಬಾಟಲಿ ಕೊಟ್ಟು, ಕೆಳಗಿಳಿದು ನಿಂತೆ. ಅಮ್ಮ ಕಿಟಕಿಯ ಸರಳಿಗೆ ಮುಖ ತಂದಳು.

"ಯಾರು ಬೇಡ ಅಂದಿದ್ದು ಅಂತ ಕೇಳ್ತಾಳೆ, ಅವಳು ಬಿಡೋಳಲ್ಲ. ಏನು ಹೇಳ್ಲಿ?"

"ನಾನು ಅಂತ ಹೇಳು."

"ನಿಜಾನೇ ಹೇಳ್ಬಿಡ್ಲಾ?"

"ಹೇಳಮ್ಮ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟ ಮೇಲೆ ನಾನು ರಸ್ತೆ ದಾಟಿ ಎಗ್ಮೋರಿನ ಬಸ್ಸು ಹತ್ತಿದೆ.